ಕಿತ್ತಿದ್ದು ಗಿಳಿಯ ಪ್ಲಗ್

"ಅಕ್ಕಾ, ನಿಂತಿದೀರಾ, ಕೂತಿದೀರಾ? ಮೊದಲು ಕೂತ್ಕೊಳ್ಳಿ," ಎಂದಿತು ಫೋನಿನ ಆ ತುದಿಯ ದನಿ.

ಬೆಳಗಿನ ಪ್ರಾರ್ಥನೆ ಮುಗಿಸಿ ಆಗಷ್ಟೇ ಎದ್ದಿದ್ದ ಅಕ್ಕ ಕೂರಲಿಲ್ಲ. ವಿಮಾ ಕಂಪನಿಗಾಗಿ ಅಪಘಾತಗಳ ತನಿಖೆ ಮಾಡುತ್ತ ಮಾಡುತ್ತಲೇ ತಲೆ ನರೆತವಳು ಆಕೆ. 'ಕೂತ್ಕೊಳ್ಳಿ' ಎಂದು ಶುರುವಾಗುವ ಮಾತು ಎಲ್ಲಿ ಹೋಗಿ ಮುಗಿಯುತ್ತದೆ ಎಂಬುದು ಆಕೆಗೆ ತಿಳಿಯದ್ದಲ್ಲ. ಎಷ್ಟೋ ಮನೆಗಳ ಹೊಸ್ತಿಲಲ್ಲಿ ನಿಂತು ಆಕೆಯೇ ಅದನ್ನು ಆಡಿದ್ದಳು.

"ಯಾರು ಹೋದರು, ಅದನ್ನ ಹೇಳು."

"ಮೇಷ್ಟ್ರು ಅಕ್ಕಾ... ನಮ್ಮ ಪರದೆ ಮೇಷ್ಟ್ರು ಹೋಗಿಬಿಟ್ರು. ಲ್ಯಾಬಿನಲ್ಲೇ. ಕಾಗೆ ಹಿಂದೆ ಬಿದ್ದಿದ್ರು. ಕರೆಂಟು ಹೊಡೆದಿದೆ."

ಪರದೆ ಮೇಷ್ಟ್ರು ಎಂದರೆ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನ ಮೇಲ್ವಿಚಾರಕ, ಆಕೆಯ ಒಬ್ಬನೇ ತಮ್ಮ. ತಾಯಿ ತೀರಿಕೊಂಡ ಮೇಲೆ ಆಕೆ ಕೈತುತ್ತು ಹಾಕಿ ಬೆಳೆಸಿದ ಹುಡುಗ. ಹಿಂದಿನ ದಿನ ಮಧ್ಯಾಹ್ನವಷ್ಟೇ ಇದೇ ಫೋನಿನಲ್ಲಿ ನಗುನಗುತ್ತ ಹೇಳಿದ್ದ: "ಅಕ್ಕಾ, ಕಾಗೆ ಹೊಟ್ಟೇಲಿ ಏನೋ ಮೋಸ ಇದೆ. ಸಂಜೆ ಬಿಚ್ಚಿ ನೋಡೇಬಿಡ್ತೀನಿ. ನಿನ್ನ ಅನುಮಾನದ ರೋಗ ನನಗೂ ಅಂಟಿಕೊಳ್ತು ನೋಡು."

ಅಳು ಬರಲಿಲ್ಲ. ಬಾಗಿಲಿಗೆ ಬೀಗ ಹಾಕಿ ಬೀದಿಗಿಳಿದಾಗ ಎದುರುಮನೆಯಾಕೆ ಕೂಗಿ ಕೇಳಿದಳು, "ಏನ್ರೀ, ಬರಿಗಾಲಲ್ಲಿ ಎಲ್ಲಿಗೆ?" ಆಗಲೇ ಅಕ್ಕನಿಗೆ ಕಾಲಲ್ಲಿ ಚಪ್ಪಲಿ ಇಲ್ಲವೆಂದು ತಿಳಿದದ್ದು.

ಆಸ್ಪತ್ರೆಯಲ್ಲಿ ತಮ್ಮನ ಮುಖ ನೋಡಿದಳು. ತಾಯಿಯಿಲ್ಲದ ಅವನ ಮಗಳನ್ನು ತೋಳಿನಲ್ಲಿ ಬಳಸಿ ಮನೆಗೆ ಕರೆದೊಯ್ದು ಮಲಗಿಸಿದಳು. ಆಮೇಲೆ ನೇರವಾಗಿ ಲ್ಯಾಬಿಗೆ ಹೊರಟಳು.

"ಇವತ್ತೇ ಯಾಕೆ ಅಕ್ಕಾ? ನಾಳೆ ಹೋದರಾಗದೇ?" ಎಂದು ನೆಂಟರೊಬ್ಬರು ತಡೆದರು.

"ನಾಳೆ ಹೊತ್ತಿಗೆ ಗುಡಿಸಿ ಒರೆಸಿ ಇಟ್ಟಿರ್ತಾರೆ," ಎಂದಳು ಅಕ್ಕ.

ಉದ್ದನೆಯ ಕೋಣೆ. ಎತ್ತರದಲ್ಲಿ ಕಿಟಕಿಗಳು. ಗಾಜಿನ ಗೋಡೆಯ ಆಚೆ ದೊಡ್ಡ ಕಂಪ್ಯೂಟರು ಹಿಟ್ಟಿನ ಗಿರಣಿಯ ಹಾಗೆ ಒಂದೇ ಸಮನೆ ಸದ್ದು ಮಾಡುತ್ತಿತ್ತು. ಆ ಸದ್ದಿನಲ್ಲಿ ಪಕ್ಕದವರ ಉಸಿರು ಕೇಳುವುದಿರಲಿ, ಮಾತೂ ಅರ್ಧ ಕೇಳುವುದಿಲ್ಲ.

ಆ ಒಂದೇ ಕಂಪ್ಯೂಟರಿಗೆ ಹತ್ತಾರು ಮಂದಿ ಒಟ್ಟಿಗೆ ಕೆಲಸ ಹೇಳುವ ಏರ್ಪಾಡು ಅಲ್ಲಿಯದು. ಹೇಳುವವರ ಮುಂದೆ ಒಂದೊಂದು ಟರ್ಮಿನಲ್: ಕೆಳಗೆ ಕೀಲಿಮಣೆ, ಮೇಲೆ ಗಾಜಿನ ಪರದೆ. ಇದ್ದ ಟರ್ಮಿನಲ್‌ಗಳು ಹಳತಾಗಿದ್ದವು. ಒಂದೇ ಸಲಕ್ಕೆ ಲ್ಯಾಬ್ ತುಂಬುವಷ್ಟು ಹೊಸವನ್ನು ಕೊಳ್ಳಬೇಕಾಗಿತ್ತು. ಮೂವರು ಮಾರಾಟಗಾರರು ನೋಡಿ ಪರೀಕ್ಷಿಸಲೆಂದು ಒಂದೊಂದು ಮಾದರಿಯನ್ನು ಕಳಿಸಿದ್ದರು.

ಕಂಪನಿಯ ಹೆಸರು ಕಂಡರೆ ಮನಸ್ಸು ಒಂದು ಕಡೆ ವಾಲುತ್ತದೆಂದು ಮೇಷ್ಟ್ರು ಮೂರರ ಹೆಸರಿನ ಮೇಲೂ ಕಪ್ಪು ಟೇಪು ಅಂಟಿಸಿ, ಕಾಗೆ, ಗುಬ್ಬಿ, ಗಿಳಿ ಎಂದು ಕರೆದುಬಿಟ್ಟಿದ್ದರು. ಎಲ್ಲರೂ ಮೂರರಲ್ಲೂ ಕೆಲಸ ಮಾಡಲಿ, ಆಮೇಲೆ ಯಾವ ಹಕ್ಕಿ ಬೇಕೋ ಹೇಳಲಿ ಎಂಬುದು ಅವರ ಲೆಕ್ಕ. ವಿದ್ಯಾರ್ಥಿಗಳು "ಇವತ್ತು ಗುಬ್ಬಿ ನಂದು, ನೀನು ಕಾಗೆ ಹತ್ರ ಹೋಗು" ಎಂದು ಜಗಳವಾಡುತ್ತಿದ್ದರಂತೆ.

ಕಾಗೆಯ ಬೆನ್ನಿನ ಮುಚ್ಚಳ ಇನ್ನೂ ಬಿಚ್ಚಿಕೊಂಡೇ ಇತ್ತು. ನೆಲದ ಮೇಲೆ ತಮ್ಮನ ಕನ್ನಡಕದ ಒಂದು ಗಾಜು. ಅಕ್ಕ ಅದನ್ನೆತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ನೀನು ಬಂದಾಗ ಏನೇನು ಹೇಗಿತ್ತು? ನನ್ನ ಮುಖ ನೋಡಿ ಅಳಬೇಡ. ಕೋಣೆ ನೋಡಿ ಹೇಳು," ಎಂದಳು.

ಫೋನು ಮಾಡಿದ್ದ, ಲ್ಯಾಬಿನ ಆಪರೇಟರಮ್ಮ ಮೂಗು ಒರೆಸಿಕೊಂಡಳು. "ಬೆಳಗ್ಗೆ ಬಾಗಿಲು ತೆಗೆದಾಗ ಮೇಷ್ಟ್ರು ಇಲ್ಲಿ, ಮಗ್ಗುಲಾಗಿ. ರಾತ್ರಿ ಇಲ್ಲೇ ಉಳಿಯೋದು ಅವರಿಗೆ ರೂಢಿ, ಅದಕ್ಕೇ ಮನೇಲೂ ಯಾರೂ ಹುಡುಕಿಲ್ಲ. ಕೈಯಲ್ಲಿ ಸ್ಕ್ರೂಡ್ರೈವರು. ಮುಟ್ಟೋಕೆ ಮುಂಚೆ ಗೋಡೆ ಮೇಲಿನ ದೊಡ್ಡ ಸ್ವಿಚ್ಚು ಆರಿಸಿದೆ. ಅವರೇ ಹೇಳಿಕೊಟ್ಟಿದ್ದು ಅದು. ಆಮೇಲೆ ಅವರ ಮಗಳಿಗೆ, ನಿಮಗೆ ಫೋನು ಮಾಡೋಣ ಅಂತ ಆಚೆ ಓಡಿದೆ."

"ಪ್ಲಗ್ಗು?"

"ಅಲ್ಲೇ ನೋಡಿ ಗಿಳಿ ಪ್ಲಗ್ಗು ಕಿತ್ತು ಬಿದ್ದಿದೆ. ಕಾಗೇದು ಅಂದ್ಕೊಂಡು ಗಿಳೀದು ಕಿತ್ತಿದಾರೆ, ಗಡಿಬಿಡೀಲಿ ತಪ್ಪಾಗಿದೆ, ವಯಸ್ಸಾಗಿತ್ತು ಅಂತ ಪೊಲೀಸಿನವರು ಬರ್ಕೊಂಡು ಹೋದ್ರು."

ಅಕ್ಕ ಮಂಡಿಯೂರಿ ಮೇಜಿನ ಕೆಳಗೆ ತೂರಿದಳು. ಮೂರು ಟರ್ಮಿನಲ್‌ಗಳ ವೈರುಗಳೂ ಕಪ್ಪು, ಮೂರೂ ಒಂದೇ ದಪ್ಪ. ಮೇಜಿನ ಕಾಲಿಗೆ ಸೇರಿಸಿ ಮೂರನ್ನೂ ಒಂದೇ ಕಟ್ಟಾಗಿ ಬಿಗಿದಿದ್ದರು. ಯಾವ ವೈರು ಯಾವುದರದು ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಅದಕ್ಕೇ ಪ್ಲಗ್ಗಿನ ಹತ್ತಿರ ಒಂದೊಂದು ಬಿಳಿ ಟೇಪಿನ ಚೀಟಿ. ಅದರ ಮೇಲೆ ಪೆನ್ನಿನಲ್ಲಿ ಬರೆದ ಚಿತ್ರ. ಕೊಕ್ಕು ತೆರೆದ ಕಾಗೆ. ಉರುಟಾದ ಗುಬ್ಬಿ. ತಮ್ಮ ಗಿಳಿಗೊಂದು ಕನ್ನಡಕ ತೊಡಿಸಿದ್ದ.

ಕನ್ನಡಕ ತೊಟ್ಟ ಗಿಳಿಯನ್ನು ಕಾಗೆ ಎಂದು ತಿಳಿಯುವುದೇ? ಅದೂ ಬರೆದವನೇ?

ಚೀಟಿಗಳ ಅಂಚನ್ನು ಉಗುರಿನಿಂದ ಸವರಿ ನೋಡಿದಳು. ಗುಬ್ಬಿಯದು ವೈರಿಗೆ ಚರ್ಮದ ಹಾಗೆ ಅಂಟಿತ್ತು. ಕಾಗೆ ಮತ್ತು ಗಿಳಿಯ ಚೀಟಿಗಳ ಅಂಚು ಎದ್ದಿತ್ತು, ಅಡಿಯಲ್ಲಿ ದೂಳಿನ ನಾರು ಸಿಕ್ಕಿತ್ತು. ಅವನ್ನು ಯಾರೋ ಕಿತ್ತು ಮತ್ತೆ ಅಂಟಿಸಿದ್ದರು.

ಅಕ್ಕ ಏನೂ ಕಾಣದವಳಂತೆ ಮೇಲೆದ್ದಳು. "ಈ ಚೀಟಿ ಹಾಕಿದ ಮೇಲೆ ವೈರುಗಳನ್ನ ಯಾವಾಗಲಾದರೂ ಕಿತ್ತಿದ್ರಾ?"

"ಮೊನ್ನೆ ಮೇಜು ಸರಿಸಿದ್ವಿ. ಮೂರೂ ಕಿತ್ತು, ಚೀಟಿ ನೋಡಿ ಮತ್ತೆ ಒಂದೊಂದೇ ಹಾಕಿದ್ದು ನಾನೇ. ಕಾಗೆ ಚೀಟೀದು ಚುಚ್ಚಿದಾಗ ಕಾಗೇನೇ ಹತ್ತಿಕೊಳ್ತು. ಯಾಕೆ ಅಕ್ಕಾ?"

"ಸುಮ್ಮನೆ ಕೇಳಿದೆ." ಅಕ್ಕ ಕಾಗೆಯ ಮುಂಭಾಗಕ್ಕೆ ಬಂದಳು. ಪರದೆಯ ಬೆಳಕನ್ನು ಏರಿಸಿ ಇಳಿಸುವ ನಾಬು ಪೂರ್ತಿ ಕೆಳಕ್ಕೆ ತಿರುಗಿತ್ತು. "ಇದ್ಯಾಕೆ ಹೀಗಿದೆ?"

ಆಪರೇಟರಮ್ಮನ ಮುಖದಲ್ಲಿ ಅಳುವಿನ ನಡುವೆಯೇ ಒಂದು ನಗು ಇಣುಕಿತು. "ಅದು ನಮ್ಮ ಲ್ಯಾಬಿನ ಪದ್ಧತಿ ಅಕ್ಕಾ. ಇಲ್ಲಿ ಒಂದೊಂದು ಟರ್ಮಿನಲ್ಲಿಗೆ ಹತ್ತು ಜನ. ಮಧ್ಯೆ ನೀರು ಕುಡಿಯೋಕೆ ಎದ್ದು ಹೋಗೋರು ಆರಿಸೋ ಹಾಗಿಲ್ಲ, ಆರಿಸಿದ್ರೆ ಮಾಡಿದ ಕೆಲಸ ಎಲ್ಲ ಹೋಗುತ್ತೆ. ಉರಿಯೋಕೆ ಬಿಟ್ಟರೂ ಕಷ್ಟ, ಅದೇ ಅಕ್ಷರ ಗಾಜಿನ ಮೇಲೆ ಅಚ್ಚಾಗಿ ಕೂತುಬಿಡುತ್ತೆ. ಅದಕ್ಕೇ ಬೆಳಕು ಪೂರ್ತಿ ತಗ್ಗಿಸಿ, ಕುರ್ಚಿ ಮೇಲೆ ಕರವಸ್ತ್ರ ಹಾಕಿ ಹೋಗೋದು. ಪರದೆ ಕಪ್ಪಗಿದ್ದು ಕುರ್ಚೀಲಿ ಕರವಸ್ತ್ರ ಇದ್ರೆ, ಒಳಗೆ ಜೀವ ಇದೆ, ಮುಟ್ಟಬೇಡ ಅಂತ ಅರ್ಥ. ನಮ್ಮ ಲ್ಯಾಬಿನ ನಿರ್ದೇಶಕರಿಗೂ ಮೇಷ್ಟ್ರು ರಿಯಾಯಿತಿ ಕೊಟ್ಟೋರಲ್ಲ. ದಿನಾ ಸಂಜೆ ಗುಬ್ಬಿ ಮುಂದೆ ಕೂತು ಪುಸ್ತಕ ಬರೀತಾರಲ್ಲ ಅವರು, ಅವರೂ ಕರವಸ್ತ್ರ ಹಾಸಿಯೇ ಏಳೋದು. ರೇಷ್ಮೇದು!"

ಅಕ್ಕ ಕಾಗೆಯ ಕಪ್ಪು ಗಾಜನ್ನೇ ನೋಡುತ್ತ ನಿಂತಳು. ಆರಿದಂತೆ ಕಾಣುವ, ಆದರೆ ಆರಿರದ ಪರದೆ. ಕುರ್ಚಿಯ ಮೇಲೆ ಎಚ್ಚರಿಸುವ ಕರವಸ್ತ್ರವೂ ಇಲ್ಲ. ಅದಲು ಬದಲಾದ ಚೀಟಿ. ಬೆನ್ನು ಬಿಚ್ಚುವ ಮೊದಲು ತಮ್ಮ ಬಗ್ಗಿ ಕಾಗೆಯ ಚೀಟಿ ನೋಡಿಯೇ ಪ್ಲಗ್ಗು ಕಿತ್ತಿರಬೇಕು. ಆರಿದ್ದು ಗಿಳಿ. ಕಾಗೆ ಕತ್ತಲಲ್ಲಿ ಬಾಯಿ ಮುಚ್ಚಿಕೊಂಡು ಕಾದಿತ್ತು.

ಯಾರೋ ಅದನ್ನು ಹಾಗೆ ಕಾಯಲು ಕೂರಿಸಿದ್ದರು. ಆಮೇಲೆ ಬಂದು ಚೀಟಿಗಳನ್ನು ಸರಿಮಾಡಿ ಹೋಗಿದ್ದರು.

ಉತ್ತರಕ್ರಿಯೆಗಳೆಲ್ಲ ಮುಗಿದ ಮೇಲೆ ವಿಶ್ವವಿದ್ಯಾಲಯದ ಖರೀದಿ ಅಧಿಕಾರಿ ಅಕ್ಕನನ್ನು ಲ್ಯಾಬಿಗೇ ಕರೆಸಿದರು. ಮುದ್ರೆ ಒತ್ತದ ಕಾಗದವನ್ನು ಕಣ್ಣೆತ್ತಿ ನೋಡುವುದಿಲ್ಲವೆಂದು ಅವರಿಗೆ 'ಮುದ್ರೆ ಸಾಹೇಬರು' ಎಂದು ಹೆಸರು. ದಪ್ಪ ಕತ್ತು, ಬಿಗಿಯಾದ ಕಾಲರು, ಮಾತಿಗೊಮ್ಮೆ ಗಡಿಯಾರ ನೋಡುವ ಚಾಳಿ. ಕಾಗೆಯನ್ನು ಕಳಿಸಿದ ಮಾರಾಟಗಾರ ಅವರ ಕೋಣೆಯಿಂದ ಹೊರಬರುವುದನ್ನು ಅಕ್ಕ ಆ ವಾರ ತನ್ನ ಕಣ್ಣಾರೆ ಕಂಡಿದ್ದಳು. ಆವತ್ತಿನಿಂದ ಆಕೆಯ ಅನುಮಾನ ಆ ದಪ್ಪ ಕತ್ತಿಗೇ ಜೋತುಬಿದ್ದಿತ್ತು.

"ಮನೆ ಹಿರಿಯರು ಅಂತ ನೀವು ಒಂದು ಸಹಿ ಹಾಕಿದರೆ ಮುಗೀತು ನೋಡಿ," ಎಂದು ಅವರು ಒಂದು ಹಾಳೆ ಚಾಚಿದರು.

ಅಕ್ಕ ಓದಿದಳು. ಮೇಲ್ವಿಚಾರಕರು ನಿರ್ದೇಶಕರ ಅನುಮತಿ ಇಲ್ಲದೆ, ಪರೀಕ್ಷೆಗೆಂದು ಬಂದ ಮಾದರಿಯನ್ನು ಕೆಡಿಸುವ ಉದ್ದೇಶದಿಂದ ಬಿಚ್ಚಿ, ತಮ್ಮದೇ ಅಜಾಗರೂಕತೆಯಿಂದ ಪ್ರಾಣ ಕಳೆದುಕೊಂಡಿದ್ದಾರೆ. ಇದನ್ನು ಕುಟುಂಬದವರು ಒಪ್ಪುತ್ತಾರೆ.

"ಕೆಡಿಸುವ ಉದ್ದೇಶ ಅಂದ್ರೇನು ಸ್ವಾಮಿ?"

"ಗುಬ್ಬಿ ಕಳಿಸಿದವನ ಜೊತೆ ಅವರ ಒಳಒಪ್ಪಂದ ಇತ್ತು ಅಂತ ಮಾತಿದೆ. ಕಾಗೆ ಕೆಟ್ಟರೆ ತಾನೇ ಗುಬ್ಬಿ ಗೆಲ್ಲೋದು? ನೋಡೀಮ್ಮಾ, ಸತ್ತವರ ಬಗ್ಗೆ ಆಡಬಾರದು, ಆದರೆ..."

"ಆಡಬಾರದು ಅಂತ ಗೊತ್ತಿದ್ದೂ ಆಡ್ತಾ ಇದೀರಲ್ಲ, ಪೂರ್ತಿ ಆಡಿಬಿಡಿ."

ಅವರ ಮುಖ ಕೆಂಪಾಯಿತು. "ಸಹಿ ಹಾಕದಿದ್ರೆ ದೊಡ್ಡ ವಿಚಾರಣೆ ಆಗುತ್ತೆ. ಪತ್ರಿಕೇಲಿ ಬರುತ್ತೆ. ಮೇಷ್ಟ್ರ ಮಗಳು ಇದೇ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡ್ತಾ ಇದಾಳೆ. 'ಇವಳೇ ಆ ಕಳ್ಳನ ಮಗಳು' ಅಂತ ಜನ ಬೆರಳು ತೋರಿಸಬೇಕಾ? ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಅಕ್ಕನ ಕಿವಿಯಲ್ಲಿ 'ಕಳ್ಳ' ಎಂಬ ಆ ಒಂದು ಮಾತು ನಿಂತುಬಿಟ್ಟಿತು. ತಮ್ಮ ತನ್ನ ಬದುಕಿಡೀ ಒಂದು ಪೆನ್ಸಿಲನ್ನೂ ಲ್ಯಾಬಿನಿಂದ ಮನೆಗೆ ತಂದವನಲ್ಲ. ಅವನು ಬಿಟ್ಟುಹೋದದ್ದು ಒಬ್ಬ ಮಗಳು ಮತ್ತು ಒಂದು ಹೆಸರು. ಸಹಿ ಹಾಕಿದರೆ ಹೆಸರು ಹೋಗುತ್ತದೆ. ಹಾಕದಿದ್ದರೆ ಮಗಳ ತಲೆ ತಗ್ಗುತ್ತದೆ. ನಿಜ ಏನೆಂದು ಹೊರಗೆಳೆದರೆ ಮಾತ್ರ ಎರಡೂ ಉಳಿದೀತು.

"ನನಗೆ ಈ ಯಂತ್ರದ ಗಂಧಗಾಳಿ ಇಲ್ಲ," ಎಂದಳು ಮೆತ್ತಗೆ. "ಕಾಗೆ ಎಲ್ಲಿ ಕೆಟ್ಟಿದೆ, ಒಂಚೂರು ತೋರಿಸಿಕೊಟ್ರೆ ಸಹಿ ಹಾಕೋಕೆ ಮನಸ್ಸು ಬಂದೀತು."

"ಕಾಗೇನ ಪೊಲೀಸರು ತಗೊಂಡು ಹೋಗಿದಾರೆ. ಬೇರೇದರಲ್ಲಿ ತೋರಿಸ್ತೀನಿ ಬನ್ನಿ."

ಮುದ್ರೆ ಸಾಹೇಬರು ನೇರವಾಗಿ ಗುಬ್ಬಿಯ ಕುರ್ಚಿಗೆ ಹೋಗಿ ಧೊಪ್ಪನೆ ಕೂತರು. ಕುರ್ಚಿಯ ಮೇಲೆ ಯಾರದೋ ಚೌಕುಳಿ ಕರವಸ್ತ್ರವಿತ್ತು. ಅದು ಅವರ ಅಡಿಗೆ ಹೋಗಿ ಮಾಯವಾಯಿತು. ಪರದೆ ಕಪ್ಪಗಿತ್ತು. ಅಕ್ಕ ಅವರ ಕೈಯನ್ನೇ ನೋಡುತ್ತಿದ್ದಳು.

"ಇದೂ ಆರಿದೆ ನೋಡಿ. ಮೊದಲು ಹಚ್ಚಬೇಕು," ಎನ್ನುತ್ತ ಅವರು ಬೆನ್ನಿಗೆ ಕೈಹಾಕಿ ತಡಕಾಡಿ, ಸಿಕ್ಕಿದ ಗುಂಡಿಯನ್ನು ಒತ್ತಿಯೇಬಿಟ್ಟರು.

"ಅಯ್ಯಯ್ಯೋ!" ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ ವಿದ್ಯಾರ್ಥಿನಿಯೊಬ್ಬಳು ಚೀರಿದಳು. "ಬೆಳಗ್ಗೆಯಿಂದ ಮಾಡಿದ್ದೆಲ್ಲ ಹೋಯ್ತು! ಕರವಸ್ತ್ರ ಕಾಣಿಸಲಿಲ್ವಾ ಸಾರ್?"

"ಯಾವ ಕರವಸ್ತ್ರ?"

"ನೀವು ಕೂತಿರೋದೇ ಅದರ ಮೇಲೆ!"

ಸಾಹೇಬರು ಎದ್ದು, ಸುಕ್ಕಾದ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಇಲಿಯನ್ನು ನೋಡುವಂತೆ ನೋಡಿದರು. "ಕುರ್ಚಿ ಮೇಲೆ ಇದನ್ನೆಲ್ಲ ಯಾಕೆ ಹಾಕ್ತೀರಿ ನೀವು? ಪರದೆ ಆರಿತ್ತಲ್ಲ!"

"ಆರಿರಲಿಲ್ಲ ಸಾರ್, ತಗ್ಗಿಸಿದ್ದೆ!"

"ತಗ್ಗಿಸೋದು ಅಂದ್ರೇನು?"

ಅವರ ಕಿವಿಯ ತುದಿಯವರೆಗೂ ಕೆಂಪೇರಿತು. ಅಲ್ಲಿದ್ದ ಹುಡುಗ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಅಕ್ಕ ಮಾತ್ರ ನಗಲಿಲ್ಲ.

ಇಂಥ ಮನುಷ್ಯ ಇಷ್ಟು ಜನರ ಮುಂದೆ ಬೇಕೆಂದೇ ನಗೆಪಾಟಲಾಗುವವನಲ್ಲ. ಕಪ್ಪು ಪರದೆಯ ಒಳಗೆ ಜೀವವಿರುತ್ತದೆಂದು ಇವರಿಗೆ ಗೊತ್ತೇ ಇಲ್ಲ. ಗೊತ್ತಿಲ್ಲದವರು ಕಾಗೆಯನ್ನು ಹಾಗೆ ಕಾಯಲು ಕೂರಿಸಲಾರರು. ಇಷ್ಟು ದಿನ ಹಲ್ಲು ಕಚ್ಚಿ ದ್ವೇಷಿಸಿದ್ದ ಮುಖ ಕೈಜಾರಿ ಹೋಯಿತು. ಉಳಿದವರು ಯಾರು? ಲ್ಯಾಬಿನ ಪದ್ಧತಿ ಬಲ್ಲವರು. ತಮ್ಮನ ಹತ್ತಿರ ಕೂತು ಕಲಿತವರು. ಅವನನ್ನು ಮೇಷ್ಟ್ರೇ ಎಂದು ಬಾಯಿತುಂಬ ಕರೆದವರು.

"ಕಾಗೇನ ಕಳಿಸಿದವನು ನಿಮ್ಮ ಕೋಣೆಗೆ ಬಂದಿದ್ದನಲ್ಲ?" ಎಂದು ಕೊನೆಗೊಮ್ಮೆ ಕೇಳಿದಳು.

"ಬಂದಿದ್ದ. ನಿರ್ದೇಶಕರು ಎಲ್ಲಿ ಸಿಗ್ತಾರೆ ಅಂತ ವಿಚಾರಿಸಿದ. ಅವರ ಕೋಣೆ ಮಹಡಿ ಮೇಲೆ ಅಂತ ಕಳಿಸಿದೆ. ಅದರಲ್ಲೇನು?"

"ಏನಿಲ್ಲ. ಈ ಹಾಳೆ ಒಕ್ಕಣೆ ಚೆನ್ನಾಗಿದೆ. ಯಾರದು?"

"ನಿರ್ದೇಶಕರು ಹೇಳಿದ್ರು, ನಾನು ಬರೆದೆ." ಸಾಹೇಬರು ಗಡಿಯಾರ ನೋಡಿಕೊಂಡರು. "ಸಂಜೆ ಅವರೇ ನಿಮ್ಮ ಮನೆಗೆ ಬರ್ತಾರಂತೆ, ಮೇಷ್ಟ್ರಿಗಾಗಿ ಪ್ರಾರ್ಥನೆ ಇದೆಯಲ್ಲ. ಸಹಿ ಹಾಕಿ ಅವರ ಕೈಗೇ ಕೊಟ್ಟುಬಿಡಿ."

ಮನೆಗೆ ಬಂದಾಗ ತಮ್ಮನ ಮಗಳು ಅಪ್ಪನ ಅಂಗಿಗಳನ್ನು ಮಡಿಸುತ್ತ ಕೂತಿದ್ದಳು. ಮಡಿಸಿದ್ದನ್ನೇ ಬಿಡಿಸಿ ಮತ್ತೆ ಮಡಿಸುತ್ತಿದ್ದಳು. ಅಕ್ಕ ಪಕ್ಕದಲ್ಲಿ ಕೂತು ಒಂದು ಅಂಗಿಯನ್ನು ತಾನೂ ಎತ್ತಿಕೊಂಡಳು.

"ಪುಟ್ಟೀ, ಒಂದು ಮಾತು ಕೇಳ್ತೀನಿ. ಆವತ್ತು ಆಪರೇಟರಮ್ಮ ಫೋನು ಮಾಡಿದಾಗ ನೀನು ಪಕ್ಕದ ಕಟ್ಟಡದಲ್ಲಿದ್ದೆ. ಅವಳಿನ್ನೂ ಆಚೆ ಫೋನಿನ ಹತ್ತಿರ ಇದ್ದಾಗ, ಪೊಲೀಸರಿಗಿಂತ ಮುಂಚೆ, ಒಬ್ಬಳೇ ಲ್ಯಾಬಿಗೆ ಬಂದವಳು ನೀನೇ, ಅಲ್ವಾ?"

ಹುಡುಗಿಯ ಕೈ ನಿಂತಿತು.

"ಚೀಟಿಗಳನ್ನ ಕಿತ್ತು ಅಂಟಿಸಿದ್ದು ನೀನಾ?"

ಅಂಗಿಯಲ್ಲಿ ಮುಖ ಹುದುಗಿಸಿ ಹುಡುಗಿ ಭುಜ ಕುಲುಕುವಂತೆ ಅತ್ತಳು.

"ನಾನೇ ಅಪ್ಪನ್ನ ಕೊಂದೆ ಅತ್ತೇ."

"ಬಿಡ್ತು ಅನ್ನು! ಏನು ಮಾತು ಅದು?"

"ಚಿತ್ರ ಬರೆದಿದ್ದು ಅಪ್ಪ. ವೈರಿಗೆ ಅಂಟಿಸಿದ್ದು ನಾನು. ಆವತ್ತು ಬಂದು ಅಪ್ಪನ ಪಕ್ಕ ಕೂತ್ಕೊಂಡಾಗ ಕಿತ್ತ ಪ್ಲಗ್ಗು ಕಾಣಿಸ್ತು. ಅದರ ಮೇಲೆ ಕಾಗೆ ಚೀಟಿ ಇತ್ತು. ವೈರು ಹಿಡ್ಕೊಂಡು ಹೋದೆ. ಅದು ಹೋಗಿ ಸೇರಿದ್ದು ಗಿಳಿಗೆ. ನಾನು ಚೀಟಿ ಅದಲು ಬದಲು ಅಂಟಿಸಿದ್ದೆ ಅತ್ತೇ! ಅಪ್ಪ ನನ್ನ ನಂಬಿ ಕಿತ್ರು. ನಂಗೆ ಏನು ಮಾಡ್ತಿದೀನಿ ಅಂತ ಗೊತ್ತಾಗ್ಲಿಲ್ಲ. ಎರಡೂ ಚೀಟಿ ಕಿತ್ತು ಸರಿಯಾಗಿ ಅಂಟಿಸಿಬಿಟ್ಟೆ. ಯಾರಿಗೂ ಗೊತ್ತಾಗಬಾರದು ಅಂತ."

ಅಕ್ಕ ಅವಳ ಎರಡು ಕೆನ್ನೆಗಳನ್ನೂ ಅಂಗೈಯಲ್ಲಿ ಹಿಡಿದು ಮುಖ ಮೇಲೆತ್ತಿದಳು.

"ಇಲ್ಲಿ ಕೇಳು ನನ್ನ ಕಂದಾ. ಮೇಜು ಸರಿಸಿದ ದಿನ ಆಪರೇಟರಮ್ಮ ಇದೇ ಚೀಟಿ ನೋಡಿ ಪ್ಲಗ್ಗು ಹಾಕಿದಳು. ಕಾಗೇದು ಹಾಕಿದಾಗ ಹತ್ತಿಕೊಂಡಿದ್ದು ಕಾಗೇನೇ. ನೀನು ಸರಿಯಾಗೇ ಅಂಟಿಸಿದ್ದೆ. ಅದಾದ ಮೇಲೆ ಬದಲಾಯಿಸಿದ್ದು ಬೇರೆ ಕೈ."

ಹುಡುಗಿ ಕಣ್ಣರಳಿಸಿ ನೋಡಿದಳು. ಎಷ್ಟೋ ದಿನಗಳಿಂದ ಎದೆಯ ಮೇಲೆ ಹೇರಿಕೊಂಡಿದ್ದ ಕಲ್ಲು ಸರಿದಿತ್ತು. ಅದರ ಜಾಗದಲ್ಲಿ ಭಯ ಬಂದು ಕೂತಿತು.

"ಯಾರು ಅತ್ತೇ? ಯಾಕೆ?"

"ಕಾಗೆ ಒಳಗೆ ಮೋಸ ಇದೆ ಅಂತ ನಿಮ್ಮಪ್ಪ ನನಗೆ ಹೇಳಿದ್ದ. ಪರೀಕ್ಷೆಗೆ ಕಳಿಸಿರೋದು ಒಂದು ನಮೂನೆ, ಆಮೇಲೆ ರಾಶಿ ರಾಶಿ ತಂದು ಹಾಕೋದು ಬೇರೆ ನಮೂನೆ, ಹೀಗೇನೋ ಇರಬೇಕು. ಬಿಚ್ಚಿದ್ರೆ ಅದು ಬಯಲಾಗ್ತಿತ್ತು. ಆವತ್ತು ಸಂಜೆ ಅವನು ಬಿಚ್ಚುತಾನೆ ಅಂತ ಯಾರಿಗೆ ಗೊತ್ತಿತ್ತೋ..."

ಮಾತು ಮುಗಿಯುವ ಮೊದಲೇ ಬಾಗಿಲಲ್ಲಿ ಪಾದರಕ್ಷೆ ಕಳಚುವ ಸದ್ದಾಯಿತು. ಅಕ್ಕ ತುಟಿಯ ಮೇಲೆ ಬೆರಳಿಟ್ಟು, ಹುಡುಗಿಯ ಕಣ್ಣೊರೆಸಿ, ಎದ್ದು ನಿಂತಳು.

ನಿರ್ದೇಶಕರು ಮೆಲ್ಲಗೆ ಒಳಗೆ ಬಂದರು. ಬೆಳ್ಳಗಿನ ತಲೆ, ಕನಿಕರ ತುಂಬಿದ ಮುಖ, ಯಾರನ್ನೂ ನೋಯಿಸದಂಥ ದನಿ. ತಮ್ಮನ ಫೋಟೋದ ಎದುರು ಬಹಳ ಹೊತ್ತು ತಲೆಬಾಗಿ ನಿಂತರು. ತಿರುಗಿದಾಗ ಕಣ್ಣು ಒದ್ದೆಯಾಗಿತ್ತು. ಅಕ್ಕ ಆ ನೀರನ್ನೂ ಪರೀಕ್ಷಿಸಿ ನೋಡಿದಳು. ನಿಜವಾದ ಕಣ್ಣೀರೇ. ಅದರಿಂದ ಏನೂ ತೀರ್ಮಾನವಾಗುವುದಿಲ್ಲವೆಂದು ಆಕೆಯ ಕಸುಬು ಕಲಿಸಿತ್ತು.

"ಸಹಿ ವಿಷಯಕ್ಕೆ ಬಂದವನಲ್ಲಮ್ಮಾ ನಾನು. ಅದು ನಿಧಾನವಾಗಿ ಆಗಲಿ," ಎಂದರು. "ಈ ಮಗುವಿನ ದಾರಿ ಏನು ಅಂತ ಯೋಚನೆ ಮಾಡ್ತಿದ್ದೆ." ಜೇಬಿನಿಂದ ಒಂದು ಬೀಗದ ಕೈ ತೆಗೆದು ಹುಡುಗಿಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. "ನಾಳೆಯಿಂದ ಲ್ಯಾಬು ನಿನ್ನ ವಶ ಮಗಳೇ. ನಿಮ್ಮಪ್ಪನ ಕುರ್ಚೀಲಿ ನೀನೇ ಕೂರು. ಯಾವ ಟರ್ಮಿನಲ್ ಕೊಳ್ಳಬೇಕು ಅಂತ ಆಯ್ಕೆ ಮಾಡೋ ಕೆಲಸ ನೀನೇ ಮುಗಿಸು. ಕಾಗೇನ ಕೊಳ್ಳಬಹುದು ಅಂತ ನೀನು ಬರೆದುಕೊಟ್ರೆ, ಇಷ್ಟು ಆದ ಮೇಲೂ ಯಾರೂ ಎರಡು ಮಾತಾಡಲ್ಲ."

"ನಾನಾ ಸಾರ್?"

"ಮತ್ತಾರು? ನಿಮ್ಮಪ್ಪನಿಗೆ ನನ್ನಷ್ಟು ಹತ್ತಿರದವರು ಯಾರಿದ್ದರು ಹೇಳು. ಅದೇ ನನ್ನ ಸಂಕಟ." ಅವರು ಅಕ್ಕನ ಕಡೆಗೆ ತಿರುಗಿದರು. ದನಿ ಒಡೆಯಿತು. "ಕಾ‌ಗೇನ ಬಿಚ್ತೀನಿ ಅಂತ ಒಂದು ಮಾತು ನನ್ನ ಕೇಳಿದ್ರೆ ಸಾಕಾಗಿತ್ತಮ್ಮಾ. ನಾನು ಬೇಡ ಅಂತಿದ್ದೆ. ಇವತ್ತು ಬದುಕಿರೋರು. ಕೇಳಲೇ ಇಲ್ಲ ಪುಣ್ಯಾತ್ಮ."

ಹುಡುಗಿ ತಲೆಯೆತ್ತಿದಳು. ಅವಳ ಹುಬ್ಬು ಗಂಟಿಕ್ಕಿದ್ದು ಅಕ್ಕನಿಗೆ ಕಂಡಿತು. ಕಣ್ಣಿನಲ್ಲೇ ಬೇಡವೆಂದಳು. ಹುಡುಗಿ ನೋಡಲಿಲ್ಲ.

"ಕೇಳಿದ್ರಲ್ಲಾ ಸಾರ್?"

"ಏನಮ್ಮಾ?"

"ಅಪ್ಪ ನಿಮ್ಮನ್ನ ಕೇಳಿದ್ರಲ್ಲಾ, ಕಾಗೇನ ಬಿಚ್ಚಿದ ದಿನಾನೇ ಮಧ್ಯಾಹ್ನ. ಅಪ್ಪನ ಕೋಣೇಲಿ. ನೀವು 'ಆಗಲಿ ಮೇಷ್ಟ್ರೇ, ಎಲ್ಲರೂ ಹೋದ ಮೇಲೆ ಬಿಚ್ಚಿ ನೋಡಿ' ಅಂದ್ರಿ. ನಾನು ಬೀರು ಹಿಂದೆ ಹಳೇ ಕಾಗದ ಹುಡುಕ್ತಾ ನೆಲದ ಮೇಲೆ ಕೂತಿದ್ದೆ. ನಿಮಗೆ ಕಾಣಿಸಿರಲ್ಲ."

ಬೀದಿಯಲ್ಲಿ ಸೈಕಲ್ಲೊಂದು ಗಂಟೆ ಬಾರಿಸುತ್ತ ಹೋಯಿತು.

ನಿರ್ದೇಶಕರ ಮುಖದ ಮೇಲಿನ ಕನಿಕರ ಹಾಗೇ ಇತ್ತು. ಅದು ಇರಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತೇ ಅಲ್ಲಿ ನಿಂತಿತ್ತು. ಆಮೇಲೆ ಅವರು ಹುಡುಗಿಯ ತಲೆ ಸವರಿದರು.

"ಪಾಪ, ದುಃಖದಲ್ಲಿ ಮಗೂಗೆ ದಿನಗಳೇ ಕಲಸಿಹೋಗಿವೆ. ಅದು ಬೇರೆ ಯಾವತ್ತಿನದೋ ಮಾತು." ಅವರ ಕೈ ಹುಡುಗಿಯ ತಲೆಯ ಮೇಲೇ ಇತ್ತು. "ಇದನ್ನ ಇನ್ಯಾರ ಹತ್ತಿರವಾದರೂ ಹೇಳಿದೀಯಾ ಮಗಳೇ?"

"ಇಲ್ಲ ಸಾರ್. ಯಾರೂ ಕೇಳಲಿಲ್ಲ."

"ಒಳ್ಳೇದು. ನಾಳೆ ಬೆಳಗ್ಗೆ ಬೇಗ ಬಾ, ಬೇರೆಯವರು ಬರೋ ಮುಂಚೆ. ಎಲ್ಲ ನಾನೇ ತೋರಿಸಿಕೊಡ್ತೀನಿ." ಅವರು ಅಕ್ಕನಿಗೆ ಕೈಮುಗಿದರು. "ಹೊತ್ತಾಯ್ತಮ್ಮಾ. ಪ್ರಾರ್ಥನೆ ಮಾಡೋಣ್ವಾ? ಹಿರಿಯರು ನೀವೇ ಹೇಳಿ."

ಅಕ್ಕ ಮುಂದೆ ಬಂದು ತಮ್ಮನ ಮಗಳ ಮತ್ತು ಆ ಮನುಷ್ಯನ ನಡುವೆ ನಿಂತಳು. ಬೀಗದ ಕೈ ಹಿಡಿದಿದ್ದ ಹುಡುಗಿಯ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡಳು. ಕಣ್ಣು ಮುಚ್ಚದೆಯೇ ಪ್ರಾರ್ಥಿಸಿದಳು.

"ದೇವರೇ, ನನ್ನ ತಮ್ಮ ನಿನ್ನ ಹತ್ತಿರ ಬಂದಿದ್ದಾನೆ. ಅವನು ಯಾರ ಕೇಡನ್ನೂ ಬಯಸಿದವನಲ್ಲ, ಯಾರ ಕೇಡನ್ನೂ ಕಂಡು ಸುಮ್ಮನಿದ್ದವನೂ ಅಲ್ಲ. ಅವನ ಆಯಾಸ ತೊಳೆ. ಅವನ ಭಯ ಕಳೆ. ಅವನು ಬಿಟ್ಟುಬಂದ ಈ ಮಗುವಿನ ಮೇಲೆ ನಾಳೆ ಬೆಳಗಿನಲ್ಲೂ ನಿನ್ನ ಕಣ್ಣಿರಲಿ. ತಂದೇ, ನನ್ನ ತಮ್ಮನ ಆತ್ಮಕ್ಕೆ ಶಾಂತಿ ಕೊಡು."

"ಶಾಂತಿ ಕೊಡು," ಎಂದು ಬೆನ್ನ ಹಿಂದಿನಿಂದ, ತೀರ ಹತ್ತಿರದಿಂದ, ನಿರ್ದೇಶಕರ ಮೃದುವಾದ ದನಿಯೂ ಸೇರಿತು.